ರೋಗಿಯ ಹಾಸಿಗೆಯ ಬಳಿ ನಮ್ಮ ಕೈಗಳು

ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಹಕ್ಕುಗಳಲ್ಲಿ ಒಂದೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಸಲಾಮಿಗೆ ಉತ್ತರಿಸುವುದು, ಆಮಂತ್ರಣವನ್ನು ಸ್ವೀಕರಿಸುವುದು, ಜನಾಝದ ಜೊತೆ ನಡೆಯುವುದು ಇವುಗಳ ಸಾಲಿನಲ್ಲೇ ಅದೂ ಬರುತ್ತದೆ. ಈ ಸುನ್ನತ್ ನಮ್ಮ ಸಮುದಾಯದಲ್ಲಿ ಇನ್ನೂ ಜೀವಂತವಾಗಿರುವುದು ಸಂತೋಷದ ವಿಷಯ. ಮೊಹಲ್ಲಾದ ಒಬ್ಬರು ಆಸ್ಪತ್ರೆ ಸೇರಿದರೆಂದು ತಿಳಿದರೆ ಸಾಕು, ಜುಮುಅ ನಮಾಝ್ ಮುಗಿಸಿ ವಾಹನ ತುಂಬ ಜನ ಹೊರಡುತ್ತಾರೆ. ಹಣ್ಣು ಒಯ್ಯುತ್ತಾರೆ, ದುಆ ಮಾಡುತ್ತಾರೆ, ಸಾಂತ್ವನದ ಮಾತು ಹೇಳುತ್ತಾರೆ. ಆದರೆ ಇವುಗಳೊಂದಿಗೆ ತಮ್ಮ ಕೈಗಳಿಗಂಟಿದ ರೋಗಾಣುಗಳನ್ನೂ ರೋಗಿಗೆ ಕೊಟ್ಟು ಬರುತ್ತಿರಬಹುದೇ ಎಂದು ಯೋಚಿಸುವವರು ವಿರಳ. ಪುಣ್ಯವನ್ನರಸಿ ಹೋದವನು ಹಾನಿಯನ್ನುಂಟುಮಾಡಿ ಮರಳಿದರೆ ಆ ಸಂದರ್ಶನದ ಗತಿಯೇನು? ಈ ಲೇಖನದಲ್ಲಿ ಚರ್ಚಿಸಬೇಕಾದುದು ಇದನ್ನೇ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರತಂದ ವರದಿಯ ಪ್ರಕಾರ, ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ರಾಷ್ಟ್ರಗಳಲ್ಲಾದರೆ 7 ಮಂದಿಗೆ, ನಮ್ಮಂತಹ ಮಧ್ಯಮ ಹಾಗೂ ಕಡಿಮೆ ಆದಾಯದ ರಾಷ್ಟ್ರಗಳಲ್ಲಾದರೆ 15 ಮಂದಿಗೆ, ಆಸ್ಪತ್ರೆಯಲ್ಲಿರುವಾಗಲೇ ಕನಿಷ್ಠ ಒಂದು ಹೊಸ ಸೋಂಕು ತಗಲುತ್ತದೆ. ಹಾಗೆ ಸೋಂಕು ತಗಲಿದವರಲ್ಲಿ ಸರಾಸರಿ ಹತ್ತರಲ್ಲೊಬ್ಬರು ಮರಣ ಹೊಂದುತ್ತಾರೆ. ಕೈಗಳ ಶುಚಿತ್ವವೇ ಮೊದಲಾದ, ಹೆಚ್ಚು ಖರ್ಚಿಲ್ಲದ ಕ್ರಮಗಳಿಂದ ಈ ಸೋಂಕುಗಳಲ್ಲಿ ಶೇಕಡಾ 70ರಷ್ಟನ್ನು ತಡೆಯಬಹುದೆಂದೂ ಆ ವರದಿ ಹೇಳುತ್ತದೆ. ಅಂದರೆ ಕಾಲು ಮುರಿದು ಬಂದವನು ಕಾಲಿನಿಂದಲ್ಲ, ಆಸ್ಪತ್ರೆಯಲ್ಲಿ ತಗಲಿದ ನಂಜಿನಿಂದ ಸಾಯುವ ಸಾಧ್ಯತೆಯಿದೆ.

ಇದು ಹೇಗೆ ನಡೆಯುತ್ತದೆ? ಆರೋಗ್ಯವಂತನ ಚರ್ಮದ ಮೇಲೂ ಮೂಗಿನೊಳಗೂ ಅಸಂಖ್ಯ ಬ್ಯಾಕ್ಟೀರಿಯಗಳು ನೆಲೆಸಿವೆ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯವಂತೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಅಲ್ಲಾಹನು ಮನುಷ್ಯನಿಗೆ ಕೊಟ್ಟ ಚರ್ಮವೆಂಬ ಕೋಟೆಯು ಅವನ್ನು ಹೊರಗೇ ನಿಲ್ಲಿಸುತ್ತದೆ. ಆದರೆ ರೋಗಿಯ ಕೋಟೆಯಲ್ಲಿ ಹಲವು ಬಾಗಿಲುಗಳು ತೆರೆದಿರುತ್ತವೆ. ಶಸ್ತ್ರಚಿಕಿತ್ಸೆಯ ಗಾಯ ಒಂದು ಬಾಗಿಲು. ಡ್ರಿಪ್ ಕೊಡಲು ರಕ್ತನಾಳಕ್ಕಿಳಿಸಿದ ಸೂಜಿ ಇನ್ನೊಂದು. ಮೂತ್ರನಾಳಕ್ಕೆ ಹಾಕಿದ ಕ್ಯಾತಿಟರ್, ಶ್ವಾಸನಾಳಕ್ಕಿಳಿಸಿದ ವೆಂಟಿಲೇಟರಿನ ಕೊಳವೆ ಇವೆಲ್ಲ ನೇರವಾಗಿ ದೇಹದೊಳಗೆ ಹೋಗುವ ದಾರಿಗಳು. ಜೊತೆಗೆ, ಆಸ್ಪತ್ರೆಯಲ್ಲಿ ಆ್ಯಂಟಿಬಯೊಟಿಕ್‌ಗಳ ಬಳಕೆ ಹೆಚ್ಚಿರುವುದರಿಂದ ಅಲ್ಲಿ ಉಳಿದುಕೊಂಡಿರುವ ಬ್ಯಾಕ್ಟೀರಿಯಗಳು ಸಾಮಾನ್ಯವಾದವುಗಳಲ್ಲ, ಔಷಧಿಗೆ ಜಗ್ಗದಂಥವು. ಮೆಥಿಸಿಲಿನ್ ಎಂಬ ಔಷಧಿಯು 1959ರಲ್ಲಿ ಬಳಕೆಗೆ ಬಂತು. 1961ರಲ್ಲೇ ಇಂಗ್ಲೆಂಡಿನಲ್ಲಿ ಅದಕ್ಕೆ ಜಗ್ಗದ ಸ್ಟೆಫೈಲೊಕಾಕಸ್ ಕಾಣಿಸಿಕೊಂಡಿತು. ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯವು ಮಂಚದ ಕಂಬಿ, ಮೇಜು, ಪರದೆಗಳಂತಹ ಒಣ ವಸ್ತುಗಳ ಮೇಲೂ ವಾರಗಟ್ಟಲೆ ಬದುಕಿರಬಲ್ಲದು. ಇವು ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುವುದು ಬಹುತೇಕ ಮನುಷ್ಯರ ಕೈಗಳ ಮೇಲೇರಿಯೇ.

ವಿಯೆನ್ನಾದ ಪಾಠ

ಈ ಸತ್ಯವನ್ನು ವೈದ್ಯಲೋಕವು ಸುಲಭವಾಗಿ ಒಪ್ಪಲಿಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ತೀರಿಕೊಂಡರು. ಸೂಲಗಿತ್ತಿಯರ ವಿಭಾಗದ 3,754ರಲ್ಲಿ ಸತ್ತವರು 105 ಮಂದಿ. ಕಲಿತವರ ಕೈಯಲ್ಲಿ ನಾಲ್ಕು ಪಟ್ಟು ಸಾವು! ಬಡ ಗರ್ಭಿಣಿಯರು ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಅಂಗಲಾಚುತ್ತಿದ್ದರು. ಕಾರಣವೇನೆಂದು ಕೇಳಿದರೆ ದೊಡ್ಡವರು ಕೆಟ್ಟ ಗಾಳಿಯೆಂದರು, ಜನದಟ್ಟಣೆಯೆಂದರು. ಸಾಯುತ್ತಿರುವವರಿಗಾಗಿ ಪಾದ್ರಿಯು ಗಂಟೆ ಬಾರಿಸುತ್ತಾ ಹೋಗುವಾಗ ಉಂಟಾಗುವ ಭಯವೇ ಕಾರಣವೆಂದವರೂ ಇದ್ದರು.

ಅಲ್ಲಿ ಸಹಾಯಕ ವೈದ್ಯರಾಗಿದ್ದ ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬವರು ಗಂಟೆಯನ್ನೂ ನಿಲ್ಲಿಸಿ ನೋಡಿದರು. ಸಾವು ನಿಲ್ಲಲಿಲ್ಲ. 1847ರ ಮಾರ್ಚ್‌ನಲ್ಲಿ ಅವರ ಮಿತ್ರ ಯಾಕೊಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ತಾಗಿ ಗಾಯಗೊಂಡು ಸತ್ತರು. ಅವರ ದೇಹದಲ್ಲಿ ಕಂಡುಬಂದ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತ ತಾಯಂದಿರಲ್ಲಿ ಕಂಡುಬರುವಂಥವೇ ಆಗಿದ್ದವು. ಆಗ ಸೆಮ್ಮೆಲ್‌ವೈಸರಿಗೆ ಗುಟ್ಟು ಹೊಳೆಯಿತು. ವೈದ್ಯರು ಮುಂಜಾನೆ ಶವಪರೀಕ್ಷೆ ಮಾಡಿ, ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವದ ಸಂಪರ್ಕವಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಎಲ್ಲರೂ ಕೈ ತೊಳೆದೇ ಒಳಗೆ ಬರಬೇಕೆಂದು ಕಡ್ಡಾಯ ಮಾಡಿದರು. ಏಪ್ರಿಲಿನಲ್ಲಿ ಶೇ. 18 ದಾಟಿದ್ದ ಸಾವು ಜೂನಿನಲ್ಲಿ ಶೇ. 2ರ ಸುಮಾರಿಗೆ, ಜುಲೈಯಲ್ಲಿ ಶೇ. 1ರ ಸುಮಾರಿಗೆ ಇಳಿಯಿತು.

ಇಷ್ಟಾದರೂ ಅನೇಕ ಹಿರಿಯ ವೈದ್ಯರು ಅವರ ಮಾತನ್ನು ಒಪ್ಪಲಿಲ್ಲ. ಗೌರವಸ್ಥನಾದ ವೈದ್ಯನ ಕೈಯೇ ಸಾವನ್ನು ಹೊತ್ತು ತರುತ್ತದೆಯೆಂದರೆ ಯಾರ ಅಹಂಕಾರ ತಾನೇ ಸಹಿಸೀತು? ಸೆಮ್ಮೆಲ್‌ವೈಸ್ 1865ರಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಗಾಯದ ನಂಜಿನಿಂದಲೇ ತೀರಿಕೊಂಡರು. ಬಾಣಂತಿ ಜ್ವರದ ಬ್ಯಾಕ್ಟೀರಿಯವನ್ನು ಲೂಯಿ ಪಾಶ್ಚರ್ ಗುರುತಿಸಿದ್ದು 1879ರಲ್ಲಿ. ಅದುವರೆಗೆ ಸತ್ತ ತಾಯಂದಿರಲ್ಲಿ ಎಷ್ಟೋ ಮಂದಿಯನ್ನು ಕೊಂದದ್ದು ರೋಗಾಣುವಿಗಿಂತ ಹೆಚ್ಚಾಗಿ ಅಹಂಕಾರವೆಂದರೆ ತಪ್ಪಾಗಲಾರದು.

ವುಝೂ ಇದ್ದರೆ ಸಾಲದೇ?

ಇಲ್ಲಿ ನಮ್ಮವರು ಸಾಮಾನ್ಯವಾಗಿ ಹೇಳುವ ಒಂದು ಮಾತಿದೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ಕೈ ತೊಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲವೆಂಬುದು. ವೇದಿಕೆಗಳಲ್ಲಿ ಈ ಮಾತಿಗೆ ತಲೆದೂಗುವವರು ಬಹಳ. ಆದರೆ ಇದು ಅರ್ಧ ಸತ್ಯ.

ಸೂರಾ ಅಲ್ ಮಾಇದಾದ 6ನೆಯ ಸೂಕ್ತವು ನಮಾಝಿಗೆ ಮುನ್ನ ಮುಖವನ್ನೂ ಮೊಣಕೈವರೆಗೆ ಕೈಗಳನ್ನೂ ತೊಳೆಯಲು ಆಜ್ಞಾಪಿಸಿದೆ. ನಿದ್ದೆಯಿಂದೆದ್ದವನು ಕೈಯನ್ನು ಮೂರು ಬಾರಿ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದೆಂದು ಪ್ರವಾದಿವರ್ಯರು(ಸ) ತಡೆದಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಅದಕ್ಕೆ ಅವರು ಕೊಟ್ಟ ಕಾರಣವನ್ನು ಗಮನಿಸಬೇಕು: ರಾತ್ರಿ ತನ್ನ ಕೈ ಎಲ್ಲಿತ್ತೆಂಬುದು ಅವನಿಗೆ ತಿಳಿಯದು. ಕಣ್ಣಿಗೆ ಕೊಳೆ ಕಾಣದಿದ್ದರೂ, ಕೊಳೆಯಿರುವ ಸಾಧ್ಯತೆಯಿದ್ದ ಮಾತ್ರಕ್ಕೇ, ಇತರರು ಬಳಸುವ ನೀರನ್ನು ಕಾಪಾಡಬೇಕೆಂಬ ಈ ತತ್ವವು ಆಸ್ಪತ್ರೆಯ ನಿಯಮಕ್ಕೆ ಬಹಳ ಹತ್ತಿರವಾಗಿದೆ.

ಹಾಗಿದ್ದರೂ ವುಝೂ ಬೇರೆ, ರೋಗಿಯನ್ನು ಮುಟ್ಟುವ ಮುನ್ನ ಕೈ ತೊಳೆಯುವುದು ಬೇರೆ. ವುಝೂ ಒಂದು ಆರಾಧನೆ, ಅಲ್ಲಾಹನ ಸನ್ನಿಧಿಯಲ್ಲಿ ನಿಲ್ಲುವುದಕ್ಕಾಗಿರುವ ಸಿದ್ಧತೆ. ಅದಕ್ಕೆ ಸಾಬೂನು ಶರತ್ತಲ್ಲ. ಒಮ್ಮೆ ಮಾಡಿದ ವುಝೂ ಮುರಿಯದಿದ್ದರೆ ಝುಹ್ರ್‌ನಿಂದ ಮಗ್ರಿಬ್‌ವರೆಗೂ ಉಳಿಯಬಹುದು. ಆ ಮಧ್ಯೆ ಬಸ್ಸಿನ ಕಂಬಿಯನ್ನು ಹಿಡಿದರೂ, ನೋಟು ಎಣಿಸಿದರೂ, ಮೂಗನ್ನು ಮುಟ್ಟಿಕೊಂಡರೂ ವುಝೂ ಮುರಿಯುವುದಿಲ್ಲ. ಆದರೆ ಕೈ ಮಾತ್ರ ಶುಚಿಯಾಗಿ ಉಳಿದಿರುವುದಿಲ್ಲ. ಕರ್ಮಶಾಸ್ತ್ರವು ಹೇಳುವ ತಹಾರತ್ ನಜಸಿನ ನಿವಾರಣೆಗೆ ಸಂಬಂಧಿಸಿದ್ದು, ವೈದ್ಯರು ಹೇಳುವ ಶುಚಿತ್ವ ಕಣ್ಣಿಗೆ ಕಾಣದ ಜೀವಿಗಳಿಗೆ ಸಂಬಂಧಿಸಿದ್ದು. ವುಝೂವಿನಿಂದ ಎಲ್ಲ ರೋಗಾಣುಗಳು ಸಾಯುತ್ತವೆಂದು ಬರೆಯುವ ಲೇಖಕರು ದೀನಿಗೆ ಸೇವೆ ಮಾಡುತ್ತಿದ್ದೇವೆಂದು ಭಾವಿಸಿರಬಹುದು. ಆದರೆ ಅದನ್ನು ನಂಬಿ ಐ.ಸಿ.ಯು.ವಿನ ಬಾಗಿಲಲ್ಲಿರುವ ಬಾಟಲಿಯನ್ನು ಮುಟ್ಟದೆ ಒಳನುಗ್ಗುವವನಿಂದ ರೋಗಿಗಾಗುವ ಹಾನಿಗೆ ಅವರೂ ಪಾಲುದಾರರೇ.

ಆರೋಗ್ಯ ಸೇವೆಯಲ್ಲಿರುವವರು ಯಾವಾಗ ಕೈ ಶುಚಿಗೊಳಿಸಬೇಕೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ 2009ರ ಮಾರ್ಗಸೂಚಿಯಲ್ಲಿ ಐದು ಸಂದರ್ಭಗಳಾಗಿ ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಹಾಕುವುದು, ಗಾಯ ಕಟ್ಟುವುದು ಮುಂತಾದ ಶುದ್ಧ ಕಾರ್ಯಕ್ಕೆ ಮೊದಲು, ರಕ್ತ, ಮೂತ್ರಾದಿಗಳು ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಕೊನೆಯದನ್ನು ಮರೆಯುವವರೇ ಹೆಚ್ಚು. ರೋಗಿಯನ್ನು ಮುಟ್ಟದೆ ಮಂಚದ ಕಂಬಿಯನ್ನಷ್ಟೇ ಹಿಡಿದಿದ್ದರೂ ಕೈ ತೊಳೆಯಬೇಕು. ಸಾಬೂನು ನೀರಿನಿಂದಾದರೆ ಒಟ್ಟು 40ರಿಂದ 60 ಸೆಕೆಂಡು, ಆಲ್ಕೊಹಾಲ್ ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಬೇಕು. ಬೆರಳ ತುದಿ, ಹೆಬ್ಬೆರಳು, ಬೆರಳುಗಳ ಸಂದುಗಳು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ವುಝೂವಿನಲ್ಲಿ ಬೆರಳುಗಳ ಸಂದಿಗೆ ನೀರು ಹಾಯಿಸುವ ಸುನ್ನತನ್ನು ರೂಢಿಸಿಕೊಂಡವನಿಗೆ ಇದು ಕಷ್ಟವಾಗಲಾರದು. ಉಂಗುರ, ಕೈಗಡಿಯಾರಗಳ ಅಡಿಯಲ್ಲಿ ರೋಗಾಣುಗಳು ಉಳಿಯುವುದರಿಂದ ದಾದಿಯರೂ ವೈದ್ಯರೂ ಕೆಲಸದ ವೇಳೆ ಅವನ್ನು ತೆಗೆದಿಡಬೇಕು. ಬೆಳ್ಳಿಯ ಉಂಗುರ ಸುನ್ನತಾಗಿರಬಹುದು. ಅದನ್ನು ಮನೆಗೆ ಬಂದು ಧರಿಸಿದರಾಯಿತು.

ತಕ್ದೀರಿನ ಮಾತು

ರೋಗ ಬರುವುದೂ ಗುಣವಾಗುವುದೂ ಅಲ್ಲಾಹನ ವಿಧಿಯಿಂದ, ಹೀಗಿರುವಾಗ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ಸಾಂಕ್ರಾಮಿಕತೆಯನ್ನು ನಿರಾಕರಿಸುವ ಹದೀಸನ್ನು ಅವರು ಪುರಾವೆಯಾಗಿ ತರುತ್ತಾರೆ. ಅದೇ ಅಧ್ಯಾಯದಲ್ಲೇ, ರೋಗಗ್ರಸ್ತ ಒಂಟೆಗಳ ಒಡೆಯನು ಅವನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂಬ ನಿರ್ದೇಶವೂ ಇರುವುದನ್ನು ಅವರು ಓದುವುದಿಲ್ಲ. ಇವೆರಡನ್ನೂ ವಿದ್ವಾಂಸರು ಹೊಂದಿಸಿರುವ ರೀತಿ ಸರಳವಾಗಿದೆ. ರೋಗವು ಅಲ್ಲಾಹನ ಇಚ್ಛೆಯನ್ನು ಮೀರಿ ಸ್ವತಂತ್ರ ಶಕ್ತಿಯಿಂದ ಹರಡುತ್ತದೆಂಬ ಅಜ್ಞಾನ ಕಾಲದ ನಂಬಿಕೆಯನ್ನು ಮೊದಲನೆಯದು ಅಳಿಸುತ್ತದೆ. ಅಲ್ಲಾಹನೇ ಇರಿಸಿದ ಕಾರಣಗಳನ್ನು ಗಮನಿಸಿ ನಡೆಯಬೇಕೆಂದು ಎರಡನೆಯದು ಕಲಿಸುತ್ತದೆ.

ಹಿಜ್ರಿ 18ರ ಸುಮಾರಿಗೆ ಶಾಮಿನಲ್ಲಿ ಪ್ಲೇಗು ಹಬ್ಬಿತ್ತು. ಅದೂ ಬ್ಯಾಕ್ಟೀರಿಯದ ರೋಗವೇ. ಅತ್ತ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಸರ್ಗ್ ಎಂಬಲ್ಲಿ ಆ ಸುದ್ದಿ ಮುಟ್ಟಿತು. ಮುಹಾಜಿರರೊಂದಿಗೂ ಅನ್ಸಾರರೊಂದಿಗೂ ಕುರೈಶರ ಹಿರಿಯರೊಂದಿಗೂ ಬೇರೆ ಬೇರೆಯಾಗಿ ಸಮಾಲೋಚಿಸಿ ಅವರು ಮರಳುವ ತೀರ್ಮಾನ ಮಾಡಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರ. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು ಆಗಿದ್ದರೆ ಎಲ್ಲಿ ಮೇಯಿಸಿದರೂ ಅದು ವಿಧಿಯೇ ಎಂದು ಅವರು ವಿವರಿಸಿದರು. ಆಗ ಬಂದು ಸೇರಿದ ಅಬ್ದುರ್‍ರಹ್ಮಾನ್ ಬಿನ್ ಔಫ್(ರ), ಪ್ಲೇಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿನಲ್ಲಿ ಬಂದರೆ ಅಲ್ಲಿಂದ ಪಲಾಯನ ಮಾಡಬೇಡಿ ಎಂಬರ್ಥದ ಪ್ರವಾದಿ ವಚನವನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮರಳಿದರು. ತವಕ್ಕುಲಿನಲ್ಲಿ ನಾವು ಉಮರ್(ರ)ರಿಗಿಂತ ಮುಂದೆ ಹೋಗಬೇಕಾಗಿಲ್ಲ.

ಹೊಣೆಗಾರಿಕೆ ಯಾರದು?

ವೈದ್ಯವನ್ನು ಅರಿಯದೆ ಚಿಕಿತ್ಸೆ ಮಾಡುವವನು ಅದರಿಂದಾಗುವ ನಷ್ಟಕ್ಕೆ ಹೊಣೆಗಾರನೆಂಬ ಹದೀಸ್ ಅಬೂದಾವೂದ್, ನಸಾಈ, ಇಬ್ನುಮಾಜಃ ಗ್ರಂಥಗಳಲ್ಲಿದೆ. ಇದರ ಆಧಾರದಲ್ಲಿ ಕರ್ಮಶಾಸ್ತ್ರಜ್ಞರು ವೈದ್ಯನ ಹೊಣೆಯ ಬಗ್ಗೆ ವಿಸ್ತಾರವಾಗಿ ಚರ್ಚಿಸಿದ್ದಾರೆ. ನಿಯಮವನ್ನು ಪಾಲಿಸಿ ಚಿಕಿತ್ಸೆ ಮಾಡಿದರೂ ರೋಗಿ ಉಳಿಯದಿದ್ದರೆ ನಿಪುಣ ವೈದ್ಯನ ಮೇಲೆ ದೋಷವಿಲ್ಲ. ನಿಯಮವನ್ನು ಮೀರಿದರೆ ದೋಷವಿದೆ. ಕೈ ತೊಳೆಯುವುದು ವೈದ್ಯವೃತ್ತಿಯ ಮೊದಲ ನಿಯಮವಾಗಿರುವ ಈ ಕಾಲದಲ್ಲಿ ಅದನ್ನು ಬಿಡುವುದು ಬರೀ ಅಲಕ್ಷ್ಯವಲ್ಲ, ಅಮಾನತಿನಲ್ಲಿ ಮಾಡಿದ ದ್ರೋಹ ಎಂದೇ ನನ್ನ ಭಾವನೆ.

ಆದರೆ ಒಬ್ಬೊಬ್ಬರ ಭಕ್ತಿಗೆ ಬಿಟ್ಟರೆ ಈ ಕೆಲಸ ನಡೆಯುವುದಿಲ್ಲ, ವ್ಯವಸ್ಥೆ ಬೇಕು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐ.ಸಿ.ಯು.ಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗ ಪಾಲಿಸಬೇಕಾದದ್ದು ಐದೇ ವಿಷಯ. ಕೈ ತೊಳೆಯಬೇಕು. ರೋಗಿಯನ್ನು ಪೂರ್ತಿಯಾಗಿ ಶುದ್ಧ ಬಟ್ಟೆಯಿಂದ ಹೊದಿಸಿ, ವೈದ್ಯನೂ ಗೌನು, ಮಾಸ್ಕು, ಗ್ಲೌಸು ಧರಿಸಬೇಕು. ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಗೊಳಿಸಬೇಕು. ಆದಷ್ಟು ತೊಡೆಯ ಸಂದಿನ ರಕ್ತನಾಳವನ್ನು ಬಳಸಬಾರದು. ಅಗತ್ಯ ತೀರಿದೊಡನೆ ಕೊಳವೆಯನ್ನು ತೆಗೆಯಬೇಕು. ಇಷ್ಟರಿಂದಲೇ ರಕ್ತದ ನಂಜು ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತು. ಇದರಲ್ಲಿ ಹೊಸ ಔಷಧಿ ಯಾವುದೂ ಇಲ್ಲ. ಹೊಸತಾಗಿದ್ದುದು ಒಂದೇ: ವೈದ್ಯನು ಒಂದು ಕ್ರಮವನ್ನು ಬಿಟ್ಟರೆ ಅವನನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸಿಗೆ ಕೊಟ್ಟಿದ್ದು. ಅಬೂಬಕರ್(ರ)ರು ಖಲೀಫರಾದಾಗ ಮಾಡಿದ ಮೊದಲ ಭಾಷಣದಲ್ಲಿ, ತಾನು ತಪ್ಪಿದರೆ ತಿದ್ದಬೇಕೆಂದು ಜನರನ್ನು ಕೇಳಿಕೊಂಡಿದ್ದರು. ನಮ್ಮ ಸಮುದಾಯದವರು ನಡೆಸುವ ಆಸ್ಪತ್ರೆಗಳು ಇಂದು ಹಲವಿವೆ. ಅವುಗಳಲ್ಲಿ ಇಪ್ಪತ್ತೆರಡು ವರ್ಷದ ದಾದಿಯೊಬ್ಬಳು ಹಿರಿಯ ಸರ್ಜನರಿಗೆ, ‘ಸರ್, ಮೊದಲು ಕೈ ತೊಳೆಯಿರಿ’ ಎಂದು ಹೇಳುವ ವಾತಾವರಣವಿದೆಯೇ ಎಂದು ಆಡಳಿತ ಮಂಡಳಿಯವರು ಪರಿಶೀಲಿಸಬೇಕು. ಗೋಡೆಯ ಮೇಲೆ ಸುಂದರ ಫಲಕ ತೂಗುಹಾಕುವುದಕ್ಕಿಂತ ಇದು ಮುಖ್ಯ.

ಆಲ್ಕೊಹಾಲ್ ಮತ್ತು ತೋಳಿನ ಪ್ರಶ್ನೆ

ಮದ್ರಸದಲ್ಲಿ ನನ್ನಲ್ಲಿ ಕಲಿತು ಈಗ ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು: ‘ಉಸ್ತಾದ್, ವಾರ್ಡಿನಲ್ಲಿ ಗಂಟೆಗೆ ಎಷ್ಟೋ ಸಲ ಸ್ಯಾನಿಟೈಸರ್ ಹಾಕಬೇಕಾಗುತ್ತದೆ. ಅದರಲ್ಲಿರುವುದು ಆಲ್ಕೊಹಾಲ್. ಆ ಕೈಯಲ್ಲಿ ನಮಾಝ್ ಆಗುತ್ತದೆಯೇ?’ ಇದು ಅವಳೊಬ್ಬಳ ಪ್ರಶ್ನೆಯಲ್ಲ. ಈ ಸಂಶಯದಿಂದಾಗಿ ಬಾಟಲಿಯಿಂದ ದೂರವಿರುವವರು ಇದ್ದಾರೆ.

ಅಮಲು ಪದಾರ್ಥವನ್ನು ಸೇವಿಸುವುದು ಹರಾಮೆಂಬುದರಲ್ಲಿ ಎರಡು ಮಾತಿಲ್ಲ. ಅದು ನಜಸೆಂಬುದು ಬಹುತೇಕ ಕರ್ಮಶಾಸ್ತ್ರಜ್ಞರ ನಿಲುವು. ಆದರೆ ದ್ರಾಕ್ಷಿ, ಖರ್ಜೂರಗಳಿಂದಲ್ಲದೆ ತಯಾರಾದ ಆಲ್ಕೊಹಾಲಿನ ವಿಷಯದಲ್ಲಿ ಹನಫಿ ವಿದ್ವಾಂಸರು ರಿಯಾಯಿತಿ ಕಂಡಿದ್ದಾರೆ. ರಾಬಿತದ ಅಧೀನದಲ್ಲಿರುವ ಇಸ್ಲಾಮೀ ಫಿಕ್ಹ್ ಪರಿಷತ್ತು 2002ರ ಜನವರಿಯಲ್ಲಿ ಮಕ್ಕಾದಲ್ಲಿ ನಡೆದ ತನ್ನ 16ನೆಯ ಅಧಿವೇಶನದಲ್ಲಿ, ಗಾಯ ಶುಚಿಗೊಳಿಸಲು, ರೋಗಾಣುಗಳನ್ನು ಕೊಲ್ಲಲು ಮತ್ತು ಹೊರಗೆ ಹಚ್ಚುವ ಮುಲಾಮುಗಳಲ್ಲಿ ಆಲ್ಕೊಹಾಲ್ ಬಳಸಬಹುದೆಂದು ತೀರ್ಮಾನಿಸಿತು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಎರಡು ದ್ರಾವಣಗಳಲ್ಲಿ ಒಂದರಲ್ಲಿರುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಅದು ಮದ್ಯದಲ್ಲಿರುವ ಆಲ್ಕೊಹಾಲೇ ಅಲ್ಲ. ಇಷ್ಟಾದರೂ ಮನಸ್ಸಿಗೆ ಸಮಾಧಾನವಾಗದವರಿಗೆ ದಾರಿ ಸುಲಭ. ನಜಸ್ ತಾಗಿದರೆ ವುಝೂ ಮುರಿಯುವುದಿಲ್ಲ, ತಾಗಿದ ಭಾಗವನ್ನು ತೊಳೆದರೆ ಸಾಕು. ನಮಾಝಿಗೆ ಹೋಗುವಾಗ ಕೈ ತೊಳೆದುಕೊಳ್ಳಲಿ. ರೋಗಿಯ ಬಳಿಗೆ ಹೋಗುವಾಗ ದ್ರಾವಣ ಹಚ್ಚಿಕೊಳ್ಳಲಿ. ಅವಳಿಗೂ ಇದನ್ನೇ ಹೇಳಿದೆ. ಅಂದ ಹಾಗೆ, ಕೈಗೆ ಕೊಳೆ ಅಂಟಿರುವುದು ಕಾಣುತ್ತಿದ್ದರೆ ಸ್ಯಾನಿಟೈಸರ್ ಸಾಲದು. ಕ್ಲಾಸ್ಟ್ರಿಡಿಯಮ್ ಡಿಫಿಸಿಲ್ ಎಂಬ ಬೇಧಿಯ ಬ್ಯಾಕ್ಟೀರಿಯದ ಬೀಜಕಗಳನ್ನೂ ಅದು ಕೊಲ್ಲದು. ಅಂತಹ ರೋಗಿಯ ಬಳಿಯಿಂದ ಬಂದವರು ಸಾಬೂನು ನೀರನ್ನೇ ಬಳಸಬೇಕು.

ತೋಳಿನ ಪ್ರಶ್ನೆಯೂ ಇದೆ. ರೋಗಿಯನ್ನು ಮುಟ್ಟುವವರು ಮೊಣಕೈಯಿಂದ ಕೆಳಗೆ ಬಟ್ಟೆಯಿಲ್ಲದೆ ಇರಬೇಕೆಂಬ ನಿಯಮವನ್ನು ಬ್ರಿಟನ್ 2007ರಲ್ಲಿ ತಂದಾಗ ಅಲ್ಲಿನ ಮುಸ್ಲಿಮ್ ವೈದ್ಯೆಯರಿಗೆ ತೊಡಕಾಯಿತು. ಚರ್ಚೆಗಳಾದ ಬಳಿಕ 2010ರ ಮಾರ್ಗಸೂಚಿಯಲ್ಲಿ, ಒಮ್ಮೆ ಬಳಸಿ ಎಸೆಯುವ ತೋಳುಗವಸು ಧರಿಸಲು ಅವಕಾಶವಾಯಿತು. ಹಟ ಹಿಡಿಯದೆ, ನಿಯಮದ ಉದ್ದೇಶವನ್ನು ಒಪ್ಪಿಕೊಂಡು ಮಾತಾಡಿದರೆ ದಾರಿ ಸಿಗುತ್ತದೆಂಬುದಕ್ಕೆ ಇದು ಉದಾಹರಣೆ.

ಸಂದರ್ಶಕರೂ ರೋಗಿಯ ಮನೆಯವರೂ

ಸಅದ್ ಬಿನ್ ಅಬೀವಕ್ಕಾಸ್(ರ) ರೋಗಿಯಾಗಿದ್ದಾಗ ಪ್ರವಾದಿವರ್ಯರು(ಸ) ಅವರ ಹಣೆಯ ಮೇಲೆ ಕೈಯಿಟ್ಟು ದುಆ ಮಾಡಿದ್ದರು. ರೋಗಿಯನ್ನು ಮುಟ್ಟುವುದರಲ್ಲಿ ಪ್ರೀತಿಯಿದೆ, ಸುನ್ನತೂ ಇದೆ. ಆದುದರಿಂದ ಮುಟ್ಟುವ ಕೈ ಶುಚಿಯಾಗಿರಲಿ. ಹತ್ತು ಮಂದಿ ಸಾಲಾಗಿ ನಿಂತು ಶಸ್ತ್ರಚಿಕಿತ್ಸೆಯಾದವನ ಕೈ ಕುಲುಕುವ ಅಗತ್ಯವಿಲ್ಲ, ಬಾಯಿಯಿಂದ ಹೇಳಿದ ಸಲಾಮ್ ಪೂರ್ಣ ಸಲಾಮೇ. ಕೆಮ್ಮು, ನೆಗಡಿ, ಬೇಧಿ, ಕೀವು ತುಂಬಿದ ಹುಣ್ಣು ಇರುವವರು ಮನೆಯಲ್ಲಿದ್ದೇ ದುಆ ಮಾಡಲಿ. ಹಸಿ ಬೆಳ್ಳುಳ್ಳಿ ತಿಂದವನನ್ನು, ಇತರರಿಗೆ ತೊಂದರೆಯೆಂಬ ಕಾರಣಕ್ಕೆ, ಮಸೀದಿಯಿಂದಲೇ ದೂರವಿರಿಸಿದ ಧರ್ಮವಿದು. ರೋಗಿಯ ಹಾಸಿಗೆಯ ಮೇಲೆ ಕುಳಿತುಕೊಳ್ಳುವುದು, ಡ್ರಿಪ್ಪಿನ ಕೊಳವೆಯನ್ನು ಸರಿಪಡಿಸಲು ಹೋಗುವುದು, ಡ್ರೆಸ್ಸಿಂಗ್ ಬಿಚ್ಚಿ ಗಾಯ ನೋಡುವುದು, ಪಕ್ಕದ ಹಾಸಿಗೆಯವನನ್ನು ಮುಟ್ಟಿ ಅದೇ ಕೈಯಲ್ಲಿ ನಮ್ಮವನನ್ನು ಮುಟ್ಟುವುದು ಇವನ್ನೆಲ್ಲ ಬಿಡಬೇಕು. ಓದಿ ಊದುವವರು ನೀರಿಗೆ ಊದಿ ಗಾಯದ ಮೇಲೆ ಚಿಮುಕಿಸುವುದಂತೂ ಕೂಡದು. ಓದುವುದಕ್ಕೆ ಗಾಯವನ್ನು ತೆರೆಯಬೇಕಾಗಿಲ್ಲ.

ರೋಗಿಯ ನಮಾಝಿನ ವಿಷಯದಲ್ಲೂ ಅಜ್ಞಾನದಿಂದ ಹಾನಿಯಾಗುವುದುಂಟು. ತಲೆಗೆ ಗಾಯವಾಗಿದ್ದ ಒಬ್ಬರಿಗೆ ಜೊತೆಗಾರರು ಸ್ನಾನ ಕಡ್ಡಾಯವೆಂದು ಹೇಳಿ, ಅವರು ಸ್ನಾನ ಮಾಡಿ ಮೃತಪಟ್ಟಾಗ ಪ್ರವಾದಿವರ್ಯರು(ಸ) ಆ ಜೊತೆಗಾರರನ್ನು ಕಠಿಣವಾಗಿ ಆಕ್ಷೇಪಿಸಿದ್ದು ಅಬೂದಾವೂದಿನಲ್ಲಿದೆ. ಸೂಜಿ ಹಾಕಿದ ಕೈಯ ಪ್ಲಾಸ್ಟರನ್ನು ಬಿಚ್ಚಿ ಅಥವಾ ನೆನೆಸಿ ವುಝೂ ಮಾಡಬೇಕಾಗಿಲ್ಲ. ಉಳಿದ ಭಾಗವನ್ನು ತೊಳೆದು ಕಟ್ಟಿನ ಮೇಲೆ ಒದ್ದೆ ಕೈಯಿಂದ ಸವರುವುದು, ಶಾಫಿಈ ಮದ್‌ಹಬಿನಲ್ಲಿ ಜೊತೆಗೆ ತಯಮ್ಮುಮ್ ಮಾಡುವುದು ಕ್ರಮ. ಸವರಲೂಬಾರದೆಂದು ವೈದ್ಯರು ಹೇಳಿದರೆ ಅದನ್ನೂ ಬಿಡಬೇಕು. ತಯಮ್ಮುಮಿಗಾಗಿ ಅಂಗಳದ ಮಣ್ಣನ್ನು ಚೀಲದಲ್ಲಿ ತುಂಬಿ ವಾರ್ಡಿಗೆ ಒಯ್ಯುವುದನ್ನು ಕಂಡಿದ್ದೇನೆ. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಸೇರಿದಂತೆ ಎಷ್ಟೋ ಇರುತ್ತವೆ. ತೆರೆದ ಗಾಯದ ಬಳಿ ಅದು ಅಪಾಯ. ಹನಫಿಗಳಿಗೆ ಧೂಳಿಲ್ಲದ, ತೊಳೆದ ಕಲ್ಲೊಂದು ಸಾಕು. ಧೂಳು ಬೇಕೆನ್ನುವ ಶಾಫಿಈಗಳಲ್ಲಿ, ನೀರನ್ನೂ ಮಣ್ಣನ್ನೂ ಬಳಸಲಾಗದ ರೋಗಿಯು ಸಮಯದ ಗೌರವಕ್ಕಾಗಿ ಇದ್ದ ಸ್ಥಿತಿಯಲ್ಲೇ ಫರ್ಝ್ ನಮಾಝ್ ನಿರ್ವಹಿಸಿ, ಗುಣವಾದ ಬಳಿಕ ಅದನ್ನು ಪುನಃ ನಿರ್ವಹಿಸಬೇಕು.

ಮೂತ್ರದ ಚೀಲವಿರುವ ರೋಗಿಗಳು ಬಹಳ ಸಂಕೋಚಪಡುತ್ತಾರೆ. ನಜಸ್ ಜೊತೆಗಿದೆಯೆಂದು ಕೆಲವರು ನಮಾಝನ್ನೇ ಬಿಡುತ್ತಾರೆ, ಕೆಲವರು ಕೊಳವೆಯನ್ನು ಕಳಚಲು ನೋಡುತ್ತಾರೆ, ಇನ್ನು ಕೆಲವರು ಚೀಲವನ್ನೆತ್ತಿ ಹಾಸಿಗೆಯ ಮೇಲೆ, ಹೊದಿಕೆಯೊಳಗೆ ಅಡಗಿಸಿಡುತ್ತಾರೆ. ಚೀಲವು ಮೂತ್ರಕೋಶಕ್ಕಿಂತ ಮೇಲೆ ಬಂದರೆ ಅದರಲ್ಲಿರುವ ಮೂತ್ರವು ಬ್ಯಾಕ್ಟೀರಿಯಗಳ ಸಮೇತ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಸದಾ ಮೂತ್ರ ಸೋರುವ ರೋಗವಿರುವವನಿಗೆ ಶರೀಅತ್ ಕೊಟ್ಟಿರುವ ವಿನಾಯಿತಿಯು ಇವರಿಗೂ ಇದೆ. ಪ್ರತಿ ಫರ್ಝ್ ನಮಾಝಿನ ಸಮಯವಾದ ಬಳಿಕ ವುಝೂ ಮಾಡಿ ಅಥವಾ ತಯಮ್ಮುಮ್ ಮಾಡಿ, ಚೀಲವನ್ನು ಮಂಚದ ಕೆಳಗಿನ ಕೊಕ್ಕೆಯಲ್ಲೇ, ನೆಲಕ್ಕೆ ತಾಗದಂತೆ ಬಿಟ್ಟು, ಮಲಗಿದ್ದಲ್ಲಿಂದಲೇ ಅವರು ನಮಾಝ್ ನಿರ್ವಹಿಸಬಹುದು.